ಅಂಗವಿಕಲ ಮಾಜಿ ಸೈನಿಕರ ಸವಲತ್ತು ಮತ್ತು ಚಿಕಿತ್ಸೆ: ಕಲಬುರಗಿ, ಬೀದರ್, ಯಾದಗಿರಿಯಿಂದ ಒಂದು ಮನವಿ, ನಿಮ್ಮ ಮಾತೂ ಸೇರಿಸಿ

ಭೀಮಾತೀರದ ಫೌಜಿ, ಜೇವರ್ಗಿ

ನಮ್ಮ ಮೂರು ಜಿಲ್ಲೆಗಳ ಅಂಗವಿಕಲ ಮಾಜಿ ಸೈನಿಕರ ಪರವಾಗಿ ನಾವು ಕೆಲವರು ಸೇರಿ ಒಂದು ಮನವಿ ಬರೆಯುತ್ತಿದ್ದೇವೆ. ಒಂದು ಪ್ರತಿ ದೆಹಲಿಗೆ, ಒಂದು ಬೆಂಗಳೂರಿಗೆ, ಒಂದು ನಮ್ಮದೇ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ. ಕಳಿಸುವ ಮುಂಚೆ ಇಲ್ಲಿ ಹಾಕುತ್ತಿದ್ದೇನೆ. ಬಿಟ್ಟುಹೋದದ್ದನ್ನು ಸೇರಿಸಿ. ಬೇಡ ಅನಿಸಿದ್ದನ್ನು ನೇರವಾಗಿ ಹೇಳಿ.

ನಾನು ಫೌಜಿನಲ್ಲಿ ಹವಾಲ್ದಾರ್ ಆಗಿದ್ದವನು. ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ಹಾಗಾಗಿ ಕಾಲಿನ ವಿಷಯ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ನಮಗೆ ಕಾನೂನು ಕೊಟ್ಟದ್ದು ಕಡಿಮೆಯೇನಲ್ಲ. ಪಿಂಚಣಿ ಇದೆ, ಮಾಜಿ ಸೈನಿಕರ ಚಿಕಿತ್ಸಾ ಯೋಜನೆಯಾದ ಇಸಿಎಚ್‌ಎಸ್‌ನ ಕಾರ್ಡ್ ಇದೆ, ಕೃತಕ ಕಾಲು ಕೊಡುತ್ತಾರೆ, ಅನ್ಯಾಯವಾದರೆ ಕೇಳಲು ನ್ಯಾಯಮಂಡಳಿ ಇದೆ. ಆದರೆ ಇವೆಲ್ಲ ಸಿಗುವ ಜಾಗ ನಮ್ಮೂರಿಂದ ದೂರ. ಕಾಲು ಇಲ್ಲದವರಿಗೆ, ಬೆನ್ನುಮೂಳೆಗೆ ಪೆಟ್ಟು ಬಿದ್ದವರಿಗೆ, ಕಣ್ಣು ಕಾಣದವರಿಗೆ ಆ ದೂರವೇ ಎಲ್ಲಕ್ಕಿಂತ ದೊಡ್ಡ ಖರ್ಚು. ಒಬ್ಬರೇ ಹೋಗಲು ಆಗುವುದಿಲ್ಲ. ಜೊತೆಗೆ ಮಗನೋ ತಮ್ಮನೋ ಬರಬೇಕು. ಅವನ ಆ ದಿನದ ಕೂಲಿ ಹೋಯಿತು. ಗಾಡಿ ಬಾಡಿಗೆ ಬೇರೆ. ಕೊನೆಗೆ ಎಷ್ಟೋ ಜನ "ಇರಲಿ ಬಿಡು" ಅಂತ ಮನೆಯಲ್ಲೇ ಉಳಿಯುತ್ತಾರೆ. ಅವರ ನೋವು ಯಾವ ಕಚೇರಿಯ ರಿಜಿಸ್ಟರಿನಲ್ಲೂ ಇಲ್ಲ.

ಕೃತಕ ಕಾಲನ್ನೇ ತೆಗೆದುಕೊಳ್ಳಿ. ಸೇನೆಯ ಕೃತಕ ಅವಯವ ಕೇಂದ್ರ ಇರುವುದು ಪುಣೆಯಲ್ಲಿ, 1944ರಿಂದ ನಡೆಯುತ್ತಿದೆ. ಕೆಲಸ ಚೆನ್ನಾಗಿದೆ, ಅದರ ಬಗ್ಗೆ ನನಗೆ ಗೌರವ ಇದೆ. ಕಲಬುರಗಿ, ಯಾದಗಿರಿ ಎರಡೂ ಕಡೆಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ನೇರ ಪುಣೆ. ಆದರೆ ಕೃತಕ ಕಾಲು ಒಮ್ಮೆ ಹಾಕಿಸಿಕೊಂಡರೆ ಮುಗಿಯಿತು ಅಂತ ಜನ ತಿಳಿದಿದ್ದಾರೆ. ಹಾಗಲ್ಲ. ಉಳಿದ ಕಾಲಿನ ತುದಿ ವರ್ಷ ಕಳೆದಂತೆ ಸೊರಗುತ್ತದೆ. ಸಾಕೆಟ್, ಅಂದರೆ ಆ ತುದಿ ಕೂರುವ ಕೃತಕ ಕಾಲಿನ ಬಟ್ಟಲು, ಸಡಿಲ ಆಗುತ್ತದೆ. ಸಡಿಲ ಆದರೆ ಒಳಗೆ ಉಜ್ಜುತ್ತದೆ, ಗಾಯ ಆಗುತ್ತದೆ. ಒಂದರ ಮೇಲೊಂದು ಕಾಲುಚೀಲ ಹಾಕಿಕೊಂಡು ಸ್ವಲ್ಪ ದಿನ ತಳ್ಳಬಹುದು. ನಮ್ಮ ಕಡೆಯ ಬೇಸಿಗೆ ಗೊತ್ತಲ್ವಾ, ಮೇ ತಿಂಗಳಲ್ಲಿ 42-43 ಡಿಗ್ರಿ. ಸಾಕೆಟ್ ಒಳಗೆ ಹಾಕುವ ಮೆತ್ತನೆಯ ಲೈನರ್ ಒಳಗೆ ಬೆವರು ನಿಂತು ಚರ್ಮ ಮೆತ್ತಗಾಗುತ್ತದೆ, ನಡೆಯುವಾಗ ಕಾಲು ಜಾರುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಆ ಸಣ್ಣ ಗಾಯವೇ ಇನ್ನೊಂದು ಆಪರೇಶನ್ ತನಕ ಒಯ್ಯಬಹುದು.

ಇದರಲ್ಲಿ ಮುಕ್ಕಾಲು ಪಾಲು ರಿಪೇರಿ ದೊಡ್ಡದಲ್ಲ. ಒಳಗೆ ಪ್ಯಾಡ್ ಕೂಡಿಸುವುದು, ಪಟ್ಟಿ ಬದಲಿಸುವುದು, ಪಾದದ ಬೋಲ್ಟ್ ಬಿಗಿ ಮಾಡುವುದು. ತರಬೇತಿ ಆದ ಒಬ್ಬ ತಂತ್ರಜ್ಞ, ಒಂದು ಚಿಕ್ಕ ವರ್ಕ್‌ಶಾಪ್ ಇದ್ದರೆ ಆಗುತ್ತದೆ. ಇಷ್ಟಕ್ಕೆ ಯಾಕೆ ಪುಣೆಗೆ ಹೋಗಬೇಕು?

ಮನವಿಯಲ್ಲಿ ಈಗ ಮೂರು ಬೇಡಿಕೆ ಇವೆ. ಮೊದಲನೆಯದು, ಕೃತಕ ಕೈಕಾಲು ರಿಪೇರಿ ಕೇಂದ್ರ ಕಲಬುರಗಿಯಲ್ಲೇ ಆಗಬೇಕು. ಎರಡನೆಯದು, ಇಸಿಎಚ್‌ಎಸ್ ವೈದ್ಯರು ಮತ್ತು ಔಷಧಿ ಇರುವ ವಾಹನ ತಿಂಗಳಿಗೊಮ್ಮೆಯಾದರೂ ತಾಲ್ಲೂಕು ಕೇಂದ್ರಗಳಿಗೆ ಬರಬೇಕು. ಮೂರನೆಯದು, ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕಲಬುರಗಿಗೆ ಬಂದು ಕೂರಬೇಕು. ಕರ್ನಾಟಕ ಸೇರಿರುವುದು ಕೊಚ್ಚಿ ಪೀಠಕ್ಕೆ. ಇಲ್ಲಿಂದ ಸಾವಿರ ಕಿಲೋಮೀಟರ್‌ಗೂ ಜಾಸ್ತಿ. ಈ ಮೂರನೆಯದರ ಬಗ್ಗೆ ಕಾನೂನು ತಿಳಿದವರು ಬರೆಯಿರಿ.

ಬೀದರ್ ಕೋಟೆ

ನಮಸ್ಕಾರ ಫೌಜಿ ಅಣ್ಣಾರೆ. ನಾನು ವಾಯುಪಡೆಯಲ್ಲಿ ಇದ್ದವನು, ಗ್ರೌಂಡ್ ಡ್ಯೂಟಿ. ನನ್ನ ತೊಂದರೆ ಕಿವಿಯದು. ವರ್ಷಗಟ್ಟಲೆ ಎಂಜಿನ್ ಪಕ್ಕ ನಿಂತ ಕಿವಿ. ಕೇಳಿಸದಿರುವುದು ನೋಡುವವರಿಗೆ ಕಾಣುವುದಿಲ್ಲ. ಕೌಂಟರ್‌ನಲ್ಲಿ "ಎಷ್ಟು ಸಲ ಹೇಳೋದು" ಅಂತ ರೇಗುತ್ತಾರೆ. ಗಾಜಿನ ಹಿಂದೆ ಕೂತು ಮಾತಾಡಿದರೆ ತುಟಿಯೂ ಕಾಣುವುದಿಲ್ಲ.

ನಮ್ಮ ಊರಿನ ವಾಯುನೆಲೆಯಲ್ಲಿ ಸೂರ್ಯಕಿರಣ ತಂಡ ಹಾರುವುದನ್ನು ನೋಡಲು ಜನ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಒಳ್ಳೆಯದೇ. ಹಾರಿಸುವವರ ಜೊತೆ ನೆಲದ ಮೇಲೆ ದುಡಿದವರನ್ನೂ ಊರು ನೆನೆಯಲಿ.

ನನ್ನ ಬೇಡಿಕೆ ಚಿಕ್ಕದು. ಟೋಕನ್ ನಂಬರು, ಹೆಸರು ದೊಡ್ಡ ಪರದೆಯಲ್ಲಿ ಬರಲಿ. ಶ್ರವಣ ಸಾಧನದ ಬ್ಯಾಟರಿ, ರಿಪೇರಿ ಹತ್ತಿರದಲ್ಲೇ ಸಿಗಲಿ. ಇನ್ನೊಂದು ಮಾತು: ಬೀದರ್‌ನವರಿಗೆ ಹೈದರಾಬಾದ್, ಸಿಕಂದರಾಬಾದ್ ಹತ್ತಿರ, ಬೆಂಗಳೂರು ದೂರ. ರೆಫರಲ್ ಬರೆಯುವಾಗ ರಾಜ್ಯದ ಗಡಿ ನೋಡದೆ ರೋಗಿಗೆ ಯಾವುದು ಹತ್ತಿರ ಅಂತ ನೋಡಬೇಕು. ಇದನ್ನು ಮನವಿಯಲ್ಲಿ ಹಾಕಿ.

ಸುರಪುರದ ಸೊಸೆ

ಅಣ್ಣಾ, ನಿಮ್ಮ ಮನವಿಯಲ್ಲಿ ಹಾಸಿಗೆ ಹಿಡಿದವರು ಇಲ್ಲ. ಅವರ ಪರವಾಗಿ ನಾನು ಬರೆಯುತ್ತೇನೆ.

ನಮ್ಮ ಯಜಮಾನರಿಗೆ ಬೆನ್ನುಮೂಳೆಯ ಪೆಟ್ಟು. ಸೊಂಟದ ಕೆಳಗೆ ಏನೂ ಗೊತ್ತಾಗುವುದಿಲ್ಲ. ಪುಣೆಯ ಖಡಕಿಯಲ್ಲಿ ಇಂಥವರಿಗಾಗಿಯೇ ಪುನರ್ವಸತಿ ಕೇಂದ್ರ ಇದೆ. ಅಲ್ಲಿ ಬಾಯಲ್ಲಿ ಬ್ರಷ್ ಹಿಡಿದು ಚಿತ್ರ ಬರೆಯುವವರು, ಗಾಲಿಕುರ್ಚಿಯಲ್ಲೇ ಬ್ಯಾಸ್ಕೆಟ್‌ಬಾಲ್ ಆಡುವವರು ಇದ್ದಾರೆ. ಆದರೆ ಇವರು ಊರಲ್ಲೇ ಇರಬೇಕು ಅಂದರು. ಮಕ್ಕಳ ಜೊತೆ, ತಾಯಿಯ ಜೊತೆ. ಅದು ಅವರ ಹಕ್ಕು ಅಲ್ವಾ?

ಊರಲ್ಲಿ ಇಂಥವರನ್ನು ನೋಡಿಕೊಳ್ಳುವುದು ಅಂದರೆ ಏನು ಅಂತ ಬರೆಯುತ್ತೇನೆ, ಯಾಕೆಂದರೆ ಮನವಿ ಓದುವ ಅಧಿಕಾರಿಗೆ ಇದು ಗೊತ್ತಿರಲಿಕ್ಕಿಲ್ಲ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿಯೂ ಅಷ್ಟೇ. ತಪ್ಪಿದರೆ ಬೆನ್ನಿಗೆ, ಸೊಂಟಕ್ಕೆ, ಹಿಮ್ಮಡಿಗೆ ಹಾಸಿಗೆ ಹುಣ್ಣು ಬರುತ್ತದೆ. ನೋವು ಗೊತ್ತಾಗದ ಮೈ, ಹಾಗಾಗಿ ಹುಣ್ಣು ಎಷ್ಟು ಆಳ ಹೋಗಿದೆ ಅಂತ ಅವರು ಹೇಳಲಾರರು. ನಾವೇ ದಿನಾ ನೋಡಬೇಕು. ಗಾಳಿ ತುಂಬುವ ಹಾಸಿಗೆ ಬೇಕು, ಅದಕ್ಕೆ ಕರೆಂಟ್ ಬೇಕು. ಹಳ್ಳಿಯಲ್ಲಿ ಕರೆಂಟ್ ಹೋದರೆ ಹಾಸಿಗೆಯ ಗಾಳಿಯೂ ಇಳಿಯುತ್ತದೆ. ಮೂತ್ರಕ್ಕೆ ಕ್ಯಾಥೆಟರ್. ಅದು ಸ್ವಚ್ಛ ಇಲ್ಲದಿದ್ದರೆ ಸೋಂಕು, ಚಳಿಜ್ವರ. ಜ್ವರ ಬಂದಾಗ ಕಿಡ್ನಿಯ ಭಯ. ಡೈಪರ್, ಕೈಗವಸು, ಹತ್ತಿ, ಮುಲಾಮು, ಇವೆಲ್ಲ ಪ್ರತಿ ತಿಂಗಳೂ ಬೇಕು. ಇದು ಜ್ವರದ ಮಾತ್ರೆಯ ಹಾಗೆ ಐದು ದಿನದ ಕೋರ್ಸ್ ಅಲ್ಲ. ಆದರೂ ಪ್ರತಿ ಸಲ ಚೀಟಿ ಹೊಸದಾಗಿ ಬರೆಸಬೇಕು, "ಸ್ಟಾಕ್ ಇಲ್ಲ" ಅನ್ನಿಸಿಕೊಳ್ಳಬೇಕು, ಹೊರಗೆ ಕೊಂಡು ಬಿಲ್ ಹಾಕಬೇಕು, ಆ ಬಿಲ್ಲಿಗೆ ಕಾಯಬೇಕು. ಯಾವ ಕಚೇರಿ ಅಂತ ಹೆಸರು ಹೇಳುವುದಿಲ್ಲ. ಅಲ್ಲಿನ ಹುಡುಗರೂ ಮೇಲಿನಿಂದ ಬಂದದ್ದನ್ನೇ ಕೊಡಬೇಕು.

ನನಗೆ ಬೇಕಾದದ್ದು ಎರಡು. ಬೆನ್ನುಮೂಳೆಯ ಪೆಟ್ಟು ಇರುವವರಿಗೆ ಇಡೀ ವರ್ಷದ ಸಾಮಾನಿನ ಒಂದೇ ಮಂಜೂರಾತಿ ಆಗಲಿ, ಪ್ರತಿ ತಿಂಗಳು ಅಂಚೆಯಲ್ಲೋ ವಾಹನದಲ್ಲೋ ಮನೆಗೆ ಬರಲಿ. ಇನ್ನೊಂದು, ನೋಡಿಕೊಳ್ಳುವವರಿಗೂ ಆರೋಗ್ಯ ಇದೆ. ಭಾರದ ಮೈ ಎತ್ತಿ ಎತ್ತಿ ನನ್ನ ಸೊಂಟವೂ ಹೋಗಿದೆ. ವರ್ಷಕ್ಕೆ ಕೆಲವು ದಿನವಾದರೂ ತರಬೇತಿ ಆದ ನರ್ಸ್ ಮನೆಗೆ ಬಂದು ನೋಡಿಕೊಂಡರೆ ನಾನು ಮಗಳ ಮನೆಗೆ ಹೋಗಿ ಬರಬಹುದು.

ಭೀಮಾತೀರದ ಫೌಜಿ, ಜೇವರ್ಗಿ

ಅಕ್ಕಾರೆ, ಇದು ಮೊದಲ ಪುಟಕ್ಕೇ ಹೋಗುತ್ತದೆ. ನಿಮ್ಮ ಮಾತಿನಲ್ಲೇ ಹಾಕುತ್ತೇನೆ.

ಒಂದು ಕೇಳುತ್ತೇನೆ. ಯಜಮಾನರ ಅಂಗವೈಕಲ್ಯ 100 ಶೇಕಡಾ ಅಂತ ಇದ್ದರೆ, ಸದಾ ಒಬ್ಬರು ಜೊತೆಗಿರಬೇಕು ಅಂತ ವೈದ್ಯಕೀಯ ಮಂಡಳಿ ಬರೆದಿದ್ದರೆ, ಪಿಂಚಣಿಯ ಜೊತೆ ಪರಿಚಾರಕ ಭತ್ಯೆ ಬರಬೇಕು. 2017ರ ಜುಲೈಯಿಂದ ಅದನ್ನು ತಿಂಗಳಿಗೆ 6,750 ರೂಪಾಯಿ ಮಾಡಿದ್ದರು. ತುಟ್ಟಿಭತ್ಯೆ 50 ಶೇಕಡಾ ಮುಟ್ಟಿದಾಗ ಅದು ಕಾಲು ಭಾಗ ಏರುತ್ತದೆ. ಪಿಪಿಒ, ಅಂದರೆ ಪಿಂಚಣಿ ಆದೇಶದ ಕಾಗದ, ತೆಗೆದು ನೋಡಿ, ಇದೆಯೇ?

ಸುರಪುರದ ಸೊಸೆ

ಪಿಪಿಒದಲ್ಲಿ ಆ ಸಾಲು ಇಲ್ಲ ಅಣ್ಣಾ. ವೈದ್ಯಕೀಯ ಮಂಡಳಿಯ ಬೋರ್ಡ್ ಕಾಗದದಲ್ಲಿ 100 ಅಂತ ಇದೆ.

ಕೋರ್ಟ್ ರಸ್ತೆ, ಕಲಬುರಗಿ

ಅಕ್ಕಾ, ಹಾಗಿದ್ದರೆ ಬೋರ್ಡ್ ಕಾಗದದ ಜೆರಾಕ್ಸ್ ಇಟ್ಟುಕೊಂಡು ನಿಮ್ಮ ಯಜಮಾನರ ಸೇವೆಯ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಒಂದು ಅರ್ಜಿ ರಿಜಿಸ್ಟರ್ ಪೋಸ್ಟ್‌ನಲ್ಲಿ ಕಳಿಸಿ. ಪಿಂಚಣಿಯ ಸ್ಪರ್ಶ್ ಪೋರ್ಟಲ್‌ನಲ್ಲೂ ದೂರು ಹಾಕಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಬೋರ್ಡ್ "ಪರಿಚಾರಕ ಬೇಕು" ಅಂತ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಅದನ್ನು ಬರೆಸಿಕೊಳ್ಳುವುದೇ ಮೊದಲ ಕೆಲಸ.

ನಾನು ವಕೀಲ. ಫೌಜಿ ಸಾಹೇಬ್ರು ಕಾನೂನಿನ ವಿಷಯ ಕೇಳಿದ್ದಾರೆ, ಸ್ವಲ್ಪ ಉದ್ದ ಆಗುತ್ತದೆ.

ಅಂಗವೈಕಲ್ಯ ಪಿಂಚಣಿಯಲ್ಲಿ ಎರಡು ಭಾಗ. ಒಂದು ಸೇವೆಯದು, ಇನ್ನೊಂದು ಅಂಗವೈಕಲ್ಯದ್ದು. 100 ಶೇಕಡಾ ಅಂಗವೈಕಲ್ಯಕ್ಕೆ ಎರಡನೆಯ ಭಾಗ ಕೊನೆಯ ಸಂಬಳದ 30 ಶೇಕಡಾ. ಅಂಗವೈಕಲ್ಯ ಕಡಿಮೆ ಇದ್ದರೆ ಅದೇ ಪ್ರಮಾಣದಲ್ಲಿ ಇದೂ ಕಡಿಮೆ. ಯುದ್ಧದಲ್ಲಿ ಗಾಯವಾಗಿ, ನಂತರ ಸೇವೆ ಮುಗಿಸಿ ನಿವೃತ್ತರಾದವರಿಗೆ ಈ 30ರ ಜಾಗದಲ್ಲಿ 60.

ಈಗ ಬಹಳ ಜನ ಕಳೆದುಕೊಳ್ಳುವ ಜಾಗಕ್ಕೆ ಬರೋಣ. 1996ರ ಜನವರಿ 1ರಿಂದ ಒಂದು ನಿಯಮ ಬಂತು. ಅಂಗವೈಕಲ್ಯ 50ಕ್ಕಿಂತ ಕಡಿಮೆ ಇದ್ದರೆ 50 ಅಂತ, 50ರಿಂದ 75ರ ನಡುವೆ ಇದ್ದರೆ 75 ಅಂತ, ಅದಕ್ಕೂ ಮೇಲಿದ್ದರೆ 100 ಅಂತ ಲೆಕ್ಕ ಹಿಡಿಯಬೇಕು. ಮೊದಲು ಇದನ್ನು ಬೋರ್ಡ್ ಔಟ್ ಆಗಿ, ಅಂದರೆ ಅಂಗವೈಕಲ್ಯದಿಂದ ಅವಧಿಗೆ ಮುಂಚೆಯೇ ಮನೆಗೆ ಬಂದವರಿಗೆ ಮಾತ್ರ ಕೊಡುತ್ತಿದ್ದರು. ಸೇವೆ ಪೂರ್ತಿ ಮುಗಿಸಿ ಬಂದ ಅಂಗವಿಕಲರಿಗೂ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿತು.

ಒಂದು ಲೆಕ್ಕ ನೋಡಿ. ಕೊನೆಯ ಸಂಬಳ 40,000 ಅಂತ ಇಟ್ಟುಕೊಳ್ಳಿ. ಅದರ 30 ಶೇಕಡಾ 12,000. ಅಂಗವೈಕಲ್ಯ 20 ಶೇಕಡಾ ಇದ್ದರೆ ಬರುವುದು 2,400. 50 ಅಂತ ಹಿಡಿದರೆ 6,000. ಮೇಲೆ ತುಟ್ಟಿಭತ್ಯೆ ಬೇರೆ. ಪ್ರತಿ ತಿಂಗಳೂ 3,600 ರೂಪಾಯಿಯ ವ್ಯತ್ಯಾಸ. ಒಂದು ಹಳ್ಳಿಯ ಮನೆಗೆ ಇದು ಸಣ್ಣ ಮೊತ್ತವೇ?

2023ರ ಸೆಪ್ಟೆಂಬರ್ 21ರ ನಂತರ ನಿವೃತ್ತರಾದವರಿಗೆ ಹೊಸ ನಿಯಮ ಬಂದಿದೆ. ಅವರ ಲೆಕ್ಕ ಬೇರೆ. ಅಂಥವರು ಹಳೆಯ ತೀರ್ಪು ನೋಡಿಕೊಂಡು ಅರ್ಜಿ ಹಾಕಬೇಡಿ, ಮೊದಲು ಯಾರನ್ನಾದರೂ ಕೇಳಿ.

ಇನ್ನೊಂದು ತೀರ್ಪು ನೆನಪಿಡಿ. "ಈ ಕಾಯಿಲೆ ಸೇವೆಯಿಂದ ಬಂದದ್ದಲ್ಲ" ಅಂತ ಬರೆದು ಅರ್ಜಿ ತಳ್ಳುವುದು ಮಾಮೂಲಿ. 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಹೀಗೆ: ಭರ್ತಿಯಾಗುವಾಗ ಕಾಯಿಲೆ ಇತ್ತು ಅಂತ ದಾಖಲೆಯಲ್ಲಿ ಬರೆದಿಲ್ಲದಿದ್ದರೆ, ಆ ಹುಡುಗ ಆರೋಗ್ಯವಾಗಿಯೇ ಸೇರಿದ್ದ ಅಂತ ತಿಳಿಯಬೇಕು. ಕಾಯಿಲೆಗೂ ಸೇವೆಗೂ ಸಂಬಂಧ ಇಲ್ಲ ಅಂತ ತೋರಿಸುವ ಹೊಣೆ ಸರ್ಕಾರದ್ದು, ಸೈನಿಕನದ್ದಲ್ಲ. ಹಾಗಂತ ಎಲ್ಲ ಕೇಸೂ ಗೆಲ್ಲುತ್ತದೆ ಅಂತಲ್ಲ. ಬೋರ್ಡ್ ಕಾರಣ ಬರೆದಿದೆಯೇ, ಸುಮ್ನೆ ಒಂದು ಸಾಲು ಗೀಚಿದೆಯೇ ಅಂತ ನೋಡಬೇಕು. ಅದಕ್ಕೇ ಬೋರ್ಡ್‌ನ ಪೂರ್ತಿ ಕಡತ ಕೈಯಲ್ಲಿ ಇರಲಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿ, 30 ದಿನದಲ್ಲಿ ಉತ್ತರ ಕೊಡಬೇಕು.

ಹಳೆಯ ಬಾಕಿಯ ಬಗ್ಗೆಯೂ ಹೇಳಿಬಿಡುತ್ತೇನೆ. 2008ರ ತರ್ಸೆಮ್ ಸಿಂಗ್ ತೀರ್ಪಿನ ಪ್ರಕಾರ ಪಿಂಚಣಿಯ ಅನ್ಯಾಯ ತಿಂಗಳು ತಿಂಗಳೂ ಮುಂದುವರಿಯುವ ಅನ್ಯಾಯ. ತಡವಾಗಿ ಬಂದರೂ ಕೇಸ್ ಕೇಳಬಹುದು, ಆದರೆ ಬಾಕಿ ಹಣ ಸಾಮಾನ್ಯವಾಗಿ ಹಿಂದಿನ ಮೂರು ವರ್ಷಕ್ಕೆ ಮಾತ್ರ. ತಡ ಮಾಡಿದಷ್ಟೂ ನಷ್ಟ. ತಿರಸ್ಕಾರದ ಪತ್ರ ಬಂದ ಆರು ತಿಂಗಳೊಳಗೆ ಮೊದಲ ಮೇಲ್ಮನವಿ ಹಾಕಿಬಿಡಿ.

ನ್ಯಾಯಮಂಡಳಿಯ ಬೇಡಿಕೆ ಸರಿಯಾಗಿದೆ. ಅದರ ಕಾನೂನು 2007ರದ್ದು, ಕೆಲಸ ಶುರುವಾದದ್ದು 2009ರಲ್ಲಿ. ಪೀಠ ಇರುವ ಊರಿನಲ್ಲಿ ಮಾತ್ರ ಕೂರಬೇಕು ಅಂತೇನಿಲ್ಲ. ಚಂಡೀಗಢದ ಪೀಠ ಶಿಮ್ಲಾಕ್ಕೆ ಹೋಗಿ ಕೇಸ್ ಕೇಳುತ್ತದೆ. ಕೊಚ್ಚಿ ಪೀಠ ಬೆಂಗಳೂರಿಗೆ ಬಂದರೂ ನಮಗೆ ಇಲ್ಲಿಂದ ಒಂದು ರಾತ್ರಿಯ ರೈಲು ಪ್ರಯಾಣ ತಪ್ಪುವುದಿಲ್ಲ. ಇಲ್ಲಿ ಹೈಕೋರ್ಟ್ ಪೀಠ 2008ರಲ್ಲಿ ಸಂಚಾರಿಯಾಗಿ ಬಂತು, 2013ರಲ್ಲಿ ಕಾಯಂ ಆಯಿತು. ಕಟ್ಟಡ ಇದೆ, ವಕೀಲರು ಇದ್ದೇವೆ. ವರ್ಷಕ್ಕೆ ಕೆಲವು ದಿನ ಬಂದು ಕೂತರೂ ಸಾಕು. ಈ ಬೇಡಿಕೆಗೆ ವಕೀಲರ ಸಂಘದ ಬೆಂಬಲ ಕೇಳುತ್ತೇನೆ.

ತೊಗರಿ ಕಣಜ

ಎಲ್ಲರ ಮೇಲೂ ಗೌರವ ಇಟ್ಟುಕೊಂಡೇ ಕೇಳುತ್ತೇನೆ. ಬಿಪಿ, ಶುಗರ್‌ಗೂ ಅಂಗವೈಕಲ್ಯ ಪಿಂಚಣಿ ತೆಗೆದುಕೊಳ್ಳುವವರು ಇದ್ದಾರೆ ಅಂತ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಯಲ್ಲೇ ಪ್ರಶ್ನೆ ಬಂದಿತ್ತು. ಇನ್ನೊಂದು, ನಮ್ಮೂರಲ್ಲಿ ರಾಶಿ ಯಂತ್ರಕ್ಕೆ ಕೈ ಸಿಕ್ಕಿ ಕಳೆದುಕೊಂಡ ಹುಡುಗ ಇದ್ದಾನೆ. ಶಹಾಬಾದ್ ಕಡೆ ಕಲ್ಲಿನ ಗಣಿಯಲ್ಲಿ ಕಾಲು ಹೋದವರು ಇದ್ದಾರೆ. ಅವರಿಗೆ ಸಿಗುವ ಮಾಸಾಶನ ಎಷ್ಟು ಅಂತ ಎಲ್ಲರಿಗೂ ಗೊತ್ತು. ಫೌಜಿಗಳಿಗೆ ಮಾತ್ರ ಯಾಕೆ ಕೇಂದ್ರ ಬೇಕು?

ಸುರಪುರದ ಸೊಸೆ

ತಮ್ಮಾ, ನಿನ್ನ ಎರಡನೆಯ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ರಿಪೇರಿ ಕೇಂದ್ರ ಎಲ್ಲರಿಗೂ ಆಗಲಿ. ಕೈ ಕಳೆದುಕೊಂಡ ಆ ಹುಡುಗನೂ ಬರಲಿ. ಕಾಲು ಇಲ್ಲದ ನೋವು ಫೌಜಿಗೂ ಒಂದೇ, ಕೂಲಿಯವನಿಗೂ ಒಂದೇ. ನಮ್ಮ ಮನೆಯವರನ್ನು ಕೇಳಿದೆ, ಅವರೂ ಇದನ್ನೇ ಹೇಳಿದರು.

ಭೀಮಾತೀರದ ಫೌಜಿ, ಜೇವರ್ಗಿ

ಅಕ್ಕ ಹೇಳಿದ್ದೇ ಸರಿ. ಮೊದಲ ಬೇಡಿಕೆಯನ್ನು ತಿದ್ದುತ್ತಿದ್ದೇನೆ. ರಿಪೇರಿ ಕೇಂದ್ರವು ಸರ್ಕಾರಿ ಆಸ್ಪತ್ರೆಯ ಆವರಣದಲ್ಲಿ ಆಗಲಿ, ಎಲ್ಲ ಅಂಗವಿಕಲರಿಗೂ ತೆರೆದಿರಲಿ. ಹಾಗೆ ಕೇಳಿದರೆ ಹಣಕ್ಕೂ ದಾರಿ ಸಿಗುತ್ತದೆ. ಕಾನ್ಪುರದ ಅಲಿಮ್ಕೊ 1972ರಲ್ಲಿ ಸ್ಥಾಪನೆಯಾದ, ಕೃತಕ ಅವಯವ ಮಾಡುವ ಕೇಂದ್ರ ಸರ್ಕಾರದ್ದೇ ಸಂಸ್ಥೆ. ಸಾಧನ ಸಲಕರಣೆ ಕೊಡಲು ಎಡಿಪ್ ಯೋಜನೆ ಇದೆ. ಇತ್ತ ಸಂವಿಧಾನದಲ್ಲಿ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿ ಬಂದ ಮೇಲೆ ನಮ್ಮ ಮಂಡಳಿಗೆ ಪ್ರತಿ ವರ್ಷ ಹಣ ಬರುತ್ತದೆ. ರಸ್ತೆ, ಸಮುದಾಯ ಭವನ ಎಲ್ಲ ಕಟ್ಟುತ್ತಾರೆ. ಒಂದು ವರ್ಕ್‌ಶಾಪ್‌ಗೆ ಅದರಲ್ಲಿ ಜಾಗ ಇಲ್ಲವೇ?

ಬಿಪಿ, ಶುಗರ್ ವಿಷಯ. ಸುಳ್ಳು ಹೇಳಿ ತೆಗೆದುಕೊಳ್ಳುವವರು ಇದ್ದರೆ ಹಿಡಿಯಲಿ. ಆದರೆ ಸಿಯಾಚಿನ್‌ನಂಥ ಎತ್ತರದಲ್ಲಿ, ತಿಂಗಳುಗಟ್ಟಲೆ ನಿದ್ದೆಯಿಲ್ಲದೆ ಇದ್ದವನ ರಕ್ತದೊತ್ತಡವನ್ನು ಊರಲ್ಲಿ ಕೂತವನ ರಕ್ತದೊತ್ತಡದ ಜೊತೆ ಒಂದೇ ತಕ್ಕಡಿಗೆ ಹಾಕಬಾರದು. ಒಬ್ಬೊಬ್ಬರದೂ ಬೇರೆ ಬೇರೆ ನೋಡಲಿಕ್ಕೇ ವೈದ್ಯಕೀಯ ಮಂಡಳಿ ಇರುವುದು. ಕೆಲವರ ಹೆಸರು ಹೇಳಿ ಎಲ್ಲರ ಬಾಗಿಲು ಮುಚ್ಚುವುದನ್ನು ನಾನು ಒಪ್ಪುವುದಿಲ್ಲ.

ತೊಗರಿ ಕಣಜ

ಎಲ್ಲರಿಗೂ ತೆರೆದಿರುತ್ತದೆ ಅಂದರೆ ನನ್ನದೂ ಸಹಿ ಇದೆ ಅಣ್ಣಾರೆ. ಊರಿನ ಅಂಗವಿಕಲರ ಪಟ್ಟಿ ಪಂಚಾಯಿತಿಯಿಂದ ತಂದುಕೊಡುತ್ತೇನೆ.

ಹೆಸರು ಬೇಡ

ನನಗೆ ಕೈಕಾಲು ಎಲ್ಲ ಇವೆ. ನಿದ್ದೆ ಇಲ್ಲ. ಮದುವೆ ಮೆರವಣಿಗೆಯಲ್ಲಿ ಪಟಾಕಿ ಹೊಡೆದರೆ ಮೈ ನಡುಗುತ್ತದೆ. ಮನೆಯಲ್ಲಿ ಸಿಟ್ಟು ಮಾಡುತ್ತೇನೆ, ಆಮೇಲೆ ಬಹಳ ನೋವಾಗುತ್ತದೆ. ದೇವರಿಗೆ, ದರ್ಗಾಕ್ಕೆ ಎಲ್ಲ ಹರಕೆ ಕಟ್ಟಿದ್ದಾರೆ. ಇದೂ ಅಂಗವೈಕಲ್ಯದಲ್ಲಿ ಬರುತ್ತದೆಯೇ?

ಬಿಳಿ ಕೋಟು, ಯಾದಗಿರಿ

ಬರುತ್ತದೆ ಅಣ್ಣಾ. ಮಾನಸಿಕ ಕಾಯಿಲೆಯೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಒಂದು. ಸೇವೆಯಿಂದ ಬಂದದ್ದು ಅಂತ ಆದರೆ ಪಿಂಚಣಿಗೂ ದಾರಿ ಇದೆ. ಆದರೆ ಮೊದಲು ಚಿಕಿತ್ಸೆ. ಕಾಗದ ಆಮೇಲೆ ಮಾಡೋಣ.

ಇವತ್ತೇ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ದಿನದ 24 ತಾಸೂ ಇರುತ್ತದೆ, ದುಡ್ಡಿಲ್ಲ. ಕನ್ನಡದಲ್ಲೇ ಮಾತಾಡಬಹುದು. ಇದರ ಹಿಂದೆ ನಿಮ್ಹಾನ್ಸ್ ವೈದ್ಯರಿದ್ದಾರೆ. ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಸೈನಿಕರಿಗೆ ಅಂತಲೇ ಇದರ ಒಂದು ಘಟಕ ಇದೆ. ನಿಮಗೆ ಆಗುತ್ತಿರುವುದು ಹೇಡಿತನ ಅಲ್ಲ, ದೆವ್ವದ ಕಾಟವೂ ಅಲ್ಲ. ಮಾತ್ರೆ, ಮಾತು ಎರಡರಿಂದಲೂ ಕಡಿಮೆ ಆಗುತ್ತದೆ. ಹರಕೆ ಇರಲಿ, ಡಾಕ್ಟರೂ ಇರಲಿ. ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರಿಗೂ ಇದು ತಿಳಿಯಬೇಕು.

ನಾನು ಹಿಂದೆ ಫಾರ್ಮಸಿಯಲ್ಲಿ ಇದ್ದವಳು. ಇಸಿಎಚ್‌ಎಸ್ ಕಾರ್ಡ್ ಇದ್ದವರಿಗೆ ಕೆಲವು ಮಾತು. ಎದೆನೋವು, ಅಪಘಾತ, ಲಕ್ವದಂಥ ತುರ್ತು ಇದ್ದರೆ ರೆಫರಲ್‌ಗೆ ಕಾಯಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ. ಪಟ್ಟಿಯಲ್ಲಿ ಇಲ್ಲದ ಆಸ್ಪತ್ರೆಯಾದರೆ 48 ತಾಸಿನೊಳಗೆ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ಫೋನ್ ಮಾಡಿದರೂ ಒಂದು ಲಿಖಿತ ದಾಖಲೆ ಇರಲಿ. ಬಿಲ್ ಸಿಜಿಎಚ್‌ಎಸ್, ಅಂದರೆ ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆಯ ದರದಲ್ಲಿ ವಾಪಸ್ ಬರುತ್ತದೆ, ನೀವು ಕಟ್ಟಿದ ಪೂರ್ತಿ ಹಣ ಬರುತ್ತದೆ ಅಂತ ನಂಬಬೇಡಿ.

ಆಧಾರ್, ಸೇನೆ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಬುಕ್, ಪಿಪಿಒ ಮೂರರಲ್ಲೂ ಹೆಂಡತಿ ಮಕ್ಕಳ ಹೆಸರು ಒಂದೇ ಥರ ಇದೆಯೇ ನೋಡಿಕೊಳ್ಳಿ. ಒಂದರಲ್ಲಿ ಶರಣಮ್ಮ, ಇನ್ನೊಂದರಲ್ಲಿ ಶರಣಬಾಯಿ ಅಂತ ಇದ್ದರೆ ನಿಮ್ಮ ಕಾಲದ ನಂತರ ಅವರಿಗೆ ಕುಟುಂಬ ಪಿಂಚಣಿ ನಿಂತುಬಿಡುತ್ತದೆ. ನೀವು ಇರುವಾಗ ತಿದ್ದಿಸುವುದು ಸುಲಭ. ಮನೆಯಿಂದಲೇ ವೈದ್ಯರ ಜೊತೆ ವಿಡಿಯೋದಲ್ಲಿ ಮಾತಾಡಲು ಸೇಹತ್ ಅನ್ನುವ ಸೌಲಭ್ಯ 2021ರಿಂದ ಇದೆ. ಹಾಸಿಗೆ ಹಿಡಿದವರಿಗೆ ಇದು ಉಪಯೋಗ. ಸುರಪುರದ ಅಕ್ಕಾರೆ, ಮೊಮ್ಮಕ್ಕಳ ಕೈಯಲ್ಲಿ ಒಮ್ಮೆ ತೆರೆಸಿ ನೋಡಿ.

ಆಳಂದ ನಾಕಾ

ನನ್ನ ತಮ್ಮ ಸಿಆರ್‌ಪಿಎಫ್‌ನಲ್ಲಿ ಇದ್ದ. ಬಾಂಬ್ ಸ್ಫೋಟದಲ್ಲಿ ಕೈ ಹೋಯಿತು. ಊರಿನವರು ಅವನನ್ನೂ ಫೌಜಿ ಅಂತಲೇ ಕರೆಯುತ್ತಾರೆ. ಕಾನೂನಿನಲ್ಲಿ ಅವನು ಬೇರೆ. ಗೃಹ ಸಚಿವಾಲಯದ ಪಡೆ, ಹಾಗಾಗಿ ಇಸಿಎಚ್‌ಎಸ್ ಇಲ್ಲ, ನಿಮ್ಮ ನ್ಯಾಯಮಂಡಳಿಯೂ ಇಲ್ಲ. ಸಿಜಿಎಚ್‌ಎಸ್ ಕೇಂದ್ರ ಇಲ್ಲದ ಕಡೆ ಇರುವವರು ಹೊರರೋಗಿ ಖರ್ಚಿಗೆ ಭತ್ಯೆ ತೆಗೆದುಕೊಳ್ಳಬಹುದು, ತಿಂಗಳಿಗೆ 1,000 ರೂಪಾಯಿ. ಸಾವಿರ ರೂಪಾಯಿಗೆ ಏನು ಬರುತ್ತದೆ? ಬಿಎಸ್‌ಎಫ್, ಸಿಆರ್‌ಪಿಎಫ್‌ನವರನ್ನೂ ಮನವಿಯಲ್ಲಿ ಸೇರಿಸಿ.

ಕಾರಂಜಾ ಕಾಕಾ, ಬೀದರ್

ಅಗ್ನಿವೀರರ ಬಗ್ಗೆ ಯಾರೂ ಬರೆದಿಲ್ಲ. ನನ್ನ ಮಗ ಅಗ್ನಿವೀರ. ಬೆಳಗಾವಿ ಭರ್ತಿಗೆ ನಮ್ಮ ಕಡೆಯಿಂದ ಎಷ್ಟು ಹುಡುಗರು ಓಡುತ್ತಾರೆ ನೋಡಿ, ಬೆಳಗಿನ ಜಾವ ಹೊಲದ ದಾರಿಯಲ್ಲೆಲ್ಲ ಅವರೇ. ಅವರಿಗೆ ಸೇವೆಯಿಂದ ಅಂಗವೈಕಲ್ಯ ಆದರೆ ಒಂದೇ ಸಲದ ಪರಿಹಾರ. 100 ಶೇಕಡಾ ಆದರೆ 44 ಲಕ್ಷ, 75 ಆದರೆ 25 ಲಕ್ಷ, 50 ಆದರೆ 15 ಲಕ್ಷ. ತಿಂಗಳ ಪಿಂಚಣಿ ಇಲ್ಲ. ಆಸ್ಪತ್ರೆ ಕಾರ್ಡ್ ಇಲ್ಲ. 22 ವರ್ಷದ ಹುಡುಗ ಗಾಲಿಕುರ್ಚಿಯಲ್ಲಿ ಕೂತರೆ ಮುಂದೆ ನಲವತ್ತು ವರ್ಷ ಚಿಕಿತ್ಸೆ ಬೇಕು. ಲಕ್ಷಗಳು ಎಷ್ಟು ವರ್ಷ ಬರುತ್ತವೆ? ಸುರಪುರದ ತಾಯಿ ಬರೆದ ಖರ್ಚು ಓದಿ ನನ್ನ ಎದೆ ಒಡೆಯಿತು.

ಹಣ ಬೇಡ ಅನ್ನುವುದಿಲ್ಲ. ಆದರೆ ಅಂಗವಿಕಲ ಅಗ್ನಿವೀರನಿಗೆ ಜೀವನಪೂರ್ತಿ ಚಿಕಿತ್ಸೆ ಸಿಗಲೇಬೇಕು.

ಕೋರ್ಟ್ ರಸ್ತೆ, ಕಲಬುರಗಿ

ಕಾಕಾ ಹೇಳಿದ್ದನ್ನು ಬೇರೆ ಬೇಡಿಕೆಯಾಗಿ ಹಾಕಿ, ಕೊನೆಗೆ ಒಂದು ಸಾಲಾಗಿ ಸೇರಿಸಬೇಡಿ. ಇದು ನೀತಿಯೇ ಬದಲಾಗಬೇಕಾದ ವಿಷಯ, ದೆಹಲಿಯ ಮಾಜಿ ಸೈನಿಕರ ಕಲ್ಯಾಣ ಇಲಾಖೆಗೂ ನಮ್ಮ ಸಂಸದರಿಗೂ ಹೋಗಬೇಕು.

ಇನ್ನೊಂದು ಮುಖ್ಯ ಮಾತು. ವಕೀಲರಿಗೆ ಕೊಡಲು ಹಣ ಇಲ್ಲ ಅಂತ ಸುಮ್ಮನೆ ಕೂರಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಅಂಗವಿಕಲರಿಗೆ ವಕೀಲರ ನೆರವು ಉಚಿತ, ಆದಾಯ ಎಷ್ಟೇ ಇರಲಿ. ಹೆಣ್ಣುಮಕ್ಕಳಿಗೂ ಹಾಗೆಯೇ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಆ ಪ್ರಾಧಿಕಾರದ ಕಚೇರಿ ಇರುತ್ತದೆ, ಫೋನ್ 15100. ಸೈನಿಕರ ಕುಟುಂಬಗಳಿಗಾಗಿಯೇ 2025ರ ಜುಲೈ 26ರಂದು ವೀರ್ ಪರಿವಾರ್ ಸಹಾಯತಾ ಯೋಜನೆ ಶುರು ಮಾಡಿದ್ದಾರೆ. ಸೈನಿಕ ಕಲ್ಯಾಣ ಕಚೇರಿಗಳಲ್ಲೇ ಕಾನೂನು ನೆರವಿನ ಕ್ಲಿನಿಕ್ ಇರಬೇಕು ಅನ್ನುವುದು ಅದರ ಉದ್ದೇಶ. ನಿಮ್ಮ ಜಿಲ್ಲೆಯಲ್ಲಿ ಅದು ಯಾವ ವಾರ, ಯಾವ ದಿನ ನಡೆಯುತ್ತದೆ ಅಂತ ಲಿಖಿತವಾಗಿ ಕೇಳಿ. ಕೇಳುವವರು ಇದ್ದರೆ ನಡೆಯುತ್ತದೆ.

ಭೀಮಾತೀರದ ಫೌಜಿ, ಜೇವರ್ಗಿ

ಎಲ್ಲ ಓದಿದೆ. ಈಗ ಮನವಿ ಹೀಗೆ ಹೋಗುತ್ತದೆ.

ಮಂಡಳಿಗೆ ಕಳಿಸುವ ಪತ್ರದಲ್ಲಿ ಎಲ್ಲ ಅಂಗವಿಕಲರಿಗೂ ತೆರೆದಿರುವ ರಿಪೇರಿ ಕೇಂದ್ರ, ತಾಲ್ಲೂಕಿಗೆ ಬರುವ ವಾಹನ. ಬಿಎಸ್‌ಎಫ್, ಸಿಆರ್‌ಪಿಎಫ್‌ನವರಿಗೂ ಆ ವಾಹನದಲ್ಲಿ ತಪಾಸಣೆ ಆಗಬೇಕು ಅಂತ ಬರೆದಿದ್ದೇನೆ. ದೆಹಲಿಯ ಪತ್ರದಲ್ಲಿ ಮೊದಲಿಗೆ ಹಾಸಿಗೆ ಹಿಡಿದವರ ವರ್ಷದ ಮಂಜೂರಾತಿ, ಮನೆಗೆ ಬರುವ ನರ್ಸ್, ಬೀದರ್‌ನವರಿಗೆ ಹತ್ತಿರದ ಆಸ್ಪತ್ರೆಗೆ ರೆಫರಲ್, ಕಲಬುರಗಿಯಲ್ಲಿ ನ್ಯಾಯಮಂಡಳಿಯ ಕಲಾಪ. ಅಗ್ನಿವೀರರ ಚಿಕಿತ್ಸೆಗೆ ಬೇರೆಯೇ ಪತ್ರ. ಪಾಲಿಕ್ಲಿನಿಕ್‌ಗಳಿಗೆ ದೊಡ್ಡ ಪರದೆ, ಶ್ರವಣ ಸಾಧನದ ಬ್ಯಾಟರಿ.

ಸಹಿ ಹಾಕುವವರು ಹೆಸರು, ತಾಲ್ಲೂಕು, ಅಂಗವೈಕಲ್ಯದ ಬಗೆ ಇಷ್ಟು ಬರೆದರೆ ಸಾಕು. ಸೇವಾ ಸಂಖ್ಯೆ, ಪಿಪಿಒ ಸಂಖ್ಯೆ, ಬ್ಯಾಂಕ್ ಖಾತೆ ಇಲ್ಲಿ ಯಾರೂ ಹಾಕಬೇಡಿ. ಪಿಂಚಣಿ ಮಾಡಿಸಿಕೊಡುತ್ತೇನೆ ಅಂತ ಫೋನ್ ಮಾಡಿ ಒಟಿಪಿ ಕೇಳುವ ಮೋಸಗಾರರು ಜಾಸ್ತಿ ಆಗಿದ್ದಾರೆ. ಓದು ಬರಹ ಬರದ ಹಿರಿಯರಿದ್ದರೆ ಅವರ ಮನೆಗೆ ಹೋಗಿ ಹೆಬ್ಬೆಟ್ಟು ತೆಗೆದುಕೊಳ್ಳಲು ನಾವು ಬರುತ್ತೇವೆ.

ಅಫಜಲಪುರ, ಸೇಡಂ, ಶಹಾಪುರ, ಭಾಲ್ಕಿ, ಬಸವಕಲ್ಯಾಣದಿಂದ ಹೆಸರು ಬಂದಿವೆ. ಚಿಂಚೋಳಿ, ಔರಾದ್, ಹುಣಸಗಿ ಕಡೆಯಿಂದ ಇನ್ನೂ ಯಾರೂ ಬರೆದಿಲ್ಲ. ಎಲ್ಲಕ್ಕಿಂತ ದೂರ ಇರುವ ತಾಲ್ಲೂಕುಗಳು ಅವೇ. ಅಲ್ಲಿ ನಿಮಗೆ ಗೊತ್ತಿರುವ ಅಂಗವಿಕಲ ಫೌಜಿ, ಇಲ್ಲವೇ ಅವರ ಮನೆಯವರು ಇದ್ದರೆ ಈ ಮಾತನ್ನು ಅವರಿಗೆ ಮುಟ್ಟಿಸಿ.

ಸುರಪುರದ ಸೊಸೆ

ಹುಣಸಗಿಯಲ್ಲಿ ನನ್ನ ತವರಿನ ಕಡೆಯವರು ಒಬ್ಬರು ಇದ್ದಾರೆ ಅಣ್ಣಾ, 1971ರ ಯುದ್ಧದಲ್ಲಿ ಇದ್ದವರು. ಈಗ ಕಣ್ಣು ಕಾಣುವುದಿಲ್ಲ. ನಾಳೆ ಮಗನನ್ನು ಕಳಿಸುತ್ತೇನೆ. ಅವರ ಕಾಗದಗಳೆಲ್ಲ ಟ್ರಂಕಿನಲ್ಲಿ ಇವೆಯಂತೆ. ಯಾವ ಯಾವ ಕಾಗದದ ಫೋಟೋ ತೆಗೆಯಬೇಕು ಅಂತ ಹೇಳಿ.

ಕೋರ್ಟ್ ರಸ್ತೆ, ಕಲಬುರಗಿ

ಡಿಸ್ಚಾರ್ಜ್ ಬುಕ್ಕಿನ ಎಲ್ಲ ಪುಟ, ಪಿಪಿಒ, ಬೋರ್ಡ್ ಕಾಗದ ಇದ್ದರೆ ಅದು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ಇಲ್ಲಿ ಹಾಕಬೇಡಿ ಅಕ್ಕಾ, ನನ್ನ ಆಫೀಸಿಗೆ ತಂದುಕೊಡಲಿ. ಮೂಲ ಕಾಗದ ಟ್ರಂಕಿನಲ್ಲೇ ಇರಲಿ, ಯಾರ ಕೈಗೂ ಕೊಡಬೇಡಿ.